ಮುತ್ತಜ್ಜಿಯ ವೀಣೆಯ ವಯಸ್ಸು

ಹೈದರಾಬಾದಿನ ಗಚ್ಚಿಬೌಲಿಯ ಗಾಜಿನ ಸೌಧಗಳ ನಡುವೆ, ಹನ್ನೊಂದನೆಯ ಅಂತಸ್ತಿನಲ್ಲಿ ವಾಸಿಸುವ ಕನ್ನಡ ಮಿತ್ರರೊಬ್ಬರ ಮನೆಯಲ್ಲಿ, ಅವರ ಮುತ್ತಜ್ಜಿಯವರು ನುಡಿಸುತ್ತಿದ್ದ ವೀಣೆಯೊಂದು ಮೈಸೂರಿನಿಂದ ಬಂದು ನೆಲಸಿದೆ. ಅದು ಕೃಷ್ಣದೇವರಾಯನ ಕಾಲದ್ದೆಂಬುದು ಮನೆತನದ ನಂಬುಗೆ. ನಕ್ಕು ತಳ್ಳಿಹಾಕುವುದು ಸುಲಭ. ಅಲ್ಲವೆಂದು ಸಾಧಿಸುವುದು ಸುಲಭವಲ್ಲ.

ಮೊದಲ ಆಕ್ಷೇಪಣೆ ಮೆಟ್ಟಿಲುಗಳದು. ವೀಣೆಯ 24 ಸ್ಥಿರ ಮೆಟ್ಟಿಲುಗಳ ವ್ಯವಸ್ಥೆಯನ್ನು ಪರಂಪರೆಯು 17ನೆಯ ಶತಮಾನದಲ್ಲಿ ತಂಜಾವೂರನ್ನಾಳಿದ ರಘುನಾಥ ನಾಯಕನ ಕಾಲಕ್ಕೆ ಸಲ್ಲಿಸುತ್ತದೆ. ರಾಯನಾದರೋ 1529ರಲ್ಲಿಯೇ ಕಾಲವಶನಾದನು. ಆದರೆ ಮೆಟ್ಟಿಲುಗಳು ಕುಳಿತಿರುವುದು ಮೇಣದ ಮೇಲೆ; ಮೇಣ ಸವೆದಾಗಲೆಲ್ಲ ಕೆರೆದು ಹೊಸದಾಗಿ ಮೇಳ ಕಟ್ಟುವುದು ರೂಢಿಯಾದ್ದರಿಂದ, ಹಳೆಯ ದಂಡಿಯ ಮೇಲೆ ಹೊಸ ಮೇಳವಿರುವುದು ಅಸಂಭವವೇನಲ್ಲ. ಬಿರಡೆ ಸಡಿಲಿದರೆ ಬೇರೆ ಬಿರಡೆ, ಸೋರೆಬುರುಡೆ ಒಡೆದರೆ ಬೇರೆ ಬುರುಡೆ; ಹೀಗೆ ಒಂದೇ ವಾದ್ಯದಲ್ಲಿ ಹಲವು ತಲೆಮಾರುಗಳು ಒಕ್ಕಲಾಗಿರುತ್ತವೆ.

ವಿಜ್ಞಾನದ ನೆರವೂ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಯೂರೋಪಿನ ಲೂಟ್ ವಾದ್ಯದ ಮುಖಫಲಕದಲ್ಲಿ ಮರದ ವರ್ಷವಲಯಗಳನ್ನೆಣಿಸಿ ಕಾಲವನ್ನು ನಿರ್ಣಯಿಸುವಂತೆ, ವಲಯಗಳು ಸ್ಫುಟವಾಗಿ ಕಾಣದ ನಮ್ಮ ವೀಣೆಯ ಹಲಸಿನಲ್ಲಿ ಎಣಿಸಲಾಗದು. ಇಂಗಾಲದ ಪರೀಕ್ಷೆಯಾದರೂ ಮರ ಬೆಳೆದ ಕಾಲವನ್ನು ಹೇಳೀತೇ ಹೊರತು ಬಡಗಿ ಉಳಿಯಿಟ್ಟ ದಿನವನ್ನಲ್ಲ. ಅದರಲ್ಲಿಯೂ 1650ರಿಂದೀಚಿನ ಮರಕ್ಕೆ ಅದು ಕೊಡುವ ಉತ್ತರ ಒಂದಲ್ಲ, ಹಲವು.

ಇನ್ನು ಹೆಸರಿನ ಗೊಂದಲ ಬೇರೆ. ಸಮುದ್ರಗುಪ್ತನು ತನ್ನ ನಾಣ್ಯದಲ್ಲಿ ನುಡಿಸುತ್ತಿರುವ ವೀಣೆ ಬಿಲ್ಲಿನಾಕಾರದ್ದು. ಇಂದಿನ ವೀಣೆಗೂ ಅದಕ್ಕೂ ನಾಮಸಾಮ್ಯವೇ ಮುಖ್ಯ ನಂಟು. ಕಲ್ಕತ್ತೆಯ ಸೌರೀಂದ್ರಮೋಹನ ಠಾಕೂರರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಸೆಲ್ಸ್ ಮೊದಲಾದ ನಗರಗಳಿಗೆ ಕಳುಹಿಸಿಕೊಟ್ಟ ವಾದ್ಯಗಳಲ್ಲಿ, ಪ್ರಾಚೀನ ನಾಮಗಳನ್ನು ಹೊತ್ತ ಹೊಸ ಸೃಷ್ಟಿಗಳೂ ಇದ್ದುವು. ಅದನ್ನು ಮೋಸವೆನ್ನಲು ನನಗೆ ಮನಸ್ಸೊಪ್ಪದು. ಮೋಸವೆಂದರೆ ಫ್ಲಾರೆನ್ಸಿನ ವರ್ತಕ ಫ್ರಾಂಚೋಲಿನಿಯದು: ಹಳೆಯ ವಾದ್ಯಗಳ ಅವಯವಗಳನ್ನು ಬೆಸೆದು, ಸುಳ್ಳು ಹೆಸರು ಬರೆದು ಮಾರುತ್ತಿದ್ದ ಆತನಿಗೆ 1910ರಲ್ಲಿ ನ್ಯಾಯಾಲಯವು ಶಿಕ್ಷೆ ವಿಧಿಸಿತು.

ಮಿತ್ರರ ವೀಣೆಯನ್ನು ಬೋರಲಿಟ್ಟು ಟಾರ್ಚು ಹಿಡಿದು ನೋಡಿದೆವು. ಕೊಡದ ಬೆನ್ನಿನಲ್ಲಿ ಎರಡು ಬಗೆಯ ಅರಗು; ದಂಡಿಯ ತುದಿಯಲ್ಲಿ ಕೆತ್ತಿದ ಯಾಳಿಯ ಕೊರಳಿನೊಳಗೆ ಚೂಪುಮೊನೆಯ ಯಂತ್ರನಿರ್ಮಿತ ತಿರುಪುಮೊಳೆ. ಅಂಥ ಮೊಳೆಗಳು ಬಳಕೆಗೆ ಬಂದದ್ದೇ 19ನೆಯ ಶತಮಾನದ ನಡುವಿನಿಂದೀಚೆಗೆ. "ಹಾಗಾದರೆ ಯಾಳಿ ಸುಳ್ಳೇ?" ಎಂದರು ಮಿತ್ರರು. ಯಾಳಿಯೋ, ಅದರ ರಿಪೇರಿಯೋ, ಯಾವುದು ಈಚಿನದೆಂದು ಮೊಳೆ ಹೇಳಲಿಲ್ಲ.

ಮುಂದಿನ ವಾರ ಮೇಳ ಕಟ್ಟುವವರು ಬಂದು ಮೇಣವನ್ನು ಕೆರೆಯಲಣಿಯಾದಾಗ ಮಿತ್ರರು ತಡೆದು, ಬೆಲ್ಲದ ಹೆಂಟೆಯಂತಿದ್ದ ಒಂದು ಚೂರನ್ನು ಕಾಗದದಲ್ಲಿ ಕಟ್ಟಿಟ್ಟುಕೊಂಡರು. ಉಳಿದುದನ್ನು ಬಂದವರು ಕರಗಿಸಿ, ಹೊಸ ಮೇಣವನ್ನೂ ಇದ್ದಿಲಪುಡಿಯನ್ನೂ ಬೆರೆಸಿ, ಮತ್ತೆ ಅದೇ ದಂಡಿಯ ಮೇಲೆ ಹಚ್ಚಿದರು.