ಫಿಲಡೆಲ್ಫಿಯಾ: ಕ್ಯಾನ್ಸರಿನ ಗುಟ್ಟು ಸಿಕ್ಕಿದ ಬೀದಿಗಳಲ್ಲಿ

ಫಿಲಡೆಲ್ಫಿಯಾದ ‘ಪೆನ್ ಮೆಡಿಸಿನ್’ ನಿಲ್ದಾಣದಲ್ಲಿ ಲೋಕಲ್ ರೈಲಿನಿಂದ ಇಳಿದರೆ ಎದುರಿಗೇ ಗಾಜಿನ ಆಸ್ಪತ್ರೆಗಳ ಸಾಲು. ಅವನ್ನು ಆಮೇಲೆ ನೋಡೋಣ. ನಾನು ಮೊದಲು ಹೊರಟಿದ್ದು ಹ್ಯಾಮಿಲ್ಟನ್ ವಾಕ್ ಕಡೆಗೆ. ಇಟ್ಟಿಗೆ ಹಾಸಿದ, ಮರಗಳ ನೆರಳಿನ ಕಾಲುದಾರಿ ಅದು. ಅದರ ಬದಿಯಲ್ಲಿರುವುದು 1765ರಲ್ಲಿ ಆರಂಭವಾದ, ಅಮೆರಿಕದ ಮೊದಲ ವೈದ್ಯಕೀಯ ಕಾಲೇಜು. ಪಾಠ ಮುಗಿಸಿದ ವಿದ್ಯಾರ್ಥಿಗಳು ಅವಸರದಲ್ಲಿ ಹಾದುಹೋಗುತ್ತಿದ್ದರು.

ಇಲ್ಲಿನ ಪೆಥಾಲಜಿ ವಿಭಾಗದಲ್ಲಿ ಪೀಟರ್ ನೊವೆಲ್ ರಕ್ತ ಕ್ಯಾನ್ಸರಿನ ಕಣಗಳನ್ನು ಬೆಳೆಸುತ್ತಿದ್ದರು. ಒಮ್ಮೆ ಸ್ಲೈಡನ್ನು ನಲ್ಲಿ ನೀರಿನಲ್ಲಿ ತೊಳೆದರು. ನೀರು ಕುಡಿದ ಕಣಗಳು ಉಬ್ಬಿ, ಒಳಗಿನ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡವು. ನೊವೆಲ್ ವರ್ಣತಂತುಗಳ ತಜ್ಞರಲ್ಲ. ಆದರೂ ಕಂಡದ್ದನ್ನು ತಳ್ಳಿಹಾಕದೆ ಅದೇ ಊರಿನ ಸಂಶೋಧನಾ ವಿದ್ಯಾರ್ಥಿ ಡೇವಿಡ್ ಹಂಗರ್‌ಫರ್ಡ್ ಅವರ ನೆರವು ಪಡೆದರು. ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ (ಸಿಎಂಎಲ್) ಒಂದು ವರ್ಣತಂತು ಅಸಹಜವಾಗಿ ಗಿಡ್ಡಗಿರುವುದು ಹಂಗರ್‌ಫರ್ಡ್ ಕಣ್ಣಿಗೆ ಬಿತ್ತು. 1960ರಲ್ಲಿ ಅದನ್ನು ಪ್ರಕಟಿಸಿದರು. ಊರಿನ ಹೆಸರೇ ಅದಕ್ಕೆ ನಿಂತಿತು: ಫಿಲಡೆಲ್ಫಿಯಾ ಕ್ರೋಮೋಸೋಮ್.

ಕ್ಯಾನ್ಸರಿಗೂ ವಂಶವಾಹಿಗೂ ಇರುವ ನಂಟಿಗೆ ಅದು ಮೊದಲ ಗಟ್ಟಿ ಪುರಾವೆ. 9 ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡದ್ದೇ ಇದಕ್ಕೆ ಕಾರಣವೆಂದು 1973ರಲ್ಲಿ ಶಿಕಾಗೋದ ಜ್ಯಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವ ಕೆಟ್ಟ ಪ್ರೋಟೀನನ್ನು ತಡೆಯುವ ಇಮಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಸಾವು ಖಚಿತವೆನ್ನಿಸಿದ್ದ ಕಾಯಿಲೆ ದಿನವೂ ಮಾತ್ರೆ ನುಂಗಿ ಬಾಳಬಹುದಾದ ಕಾಯಿಲೆಯಾಯಿತು.

ಅಲ್ಲಿಂದ ಸ್ವಲ್ಪವೇ ನಡೆದರೆ ಸಿವಿಕ್ ಸೆಂಟರ್ ಬುಲೆವಾರ್ಡ್‌ನಲ್ಲಿ ಮಕ್ಕಳ ಆಸ್ಪತ್ರೆ. ಬಾಗಿಲಲ್ಲಿ ಮಾಸ್ಕ್ ತೊಟ್ಟ ಮಕ್ಕಳು, ಚೀಲ ಹೊತ್ತ ಅಪ್ಪ ಅಮ್ಮ. ಆ ಮುಖಗಳ ಕಾತರ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಮುಂದೆ ಕಾಣುವುದಕ್ಕಿಂತ ಬೇರೆಯಲ್ಲ.

2012ರಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಹುಡುಗಿಯನ್ನು ಇಲ್ಲಿಗೆ ತಂದಾಗ ಅವಳ ರಕ್ತ ಕ್ಯಾನ್ಸರಿನೆದುರು ಕೀಮೋಥೆರಪಿ ಎರಡು ಬಾರಿ ಸೋತಿತ್ತು. ಅದೇ ಪೆನ್ ವೈದ್ಯಕೀಯ ಕಾಲೇಜಿನ ಕಾರ್ಲ್ ಜೂನ್ ತಂಡ ಅವಳದೇ ರಕ್ತದಿಂದ ರೋಗನಿರೋಧಕ ಟಿ ಕಣಗಳನ್ನು ತೆಗೆದು, ನಿರುಪದ್ರವಿಯಾಗಿಸಿದ ವೈರಸ್ ಮೂಲಕ ಹೊಸ ಜೀನ್ ಸೇರಿಸಿತು. ಕ್ಯಾನ್ಸರ್ ಕಣದ ಮೈಮೇಲಿನ ಸಿಡಿ19 ಗುರುತನ್ನು ಹಿಡಿದು ಕೊಲ್ಲಲು ಕಲಿತ ಆ ಕಣಗಳನ್ನು ಮತ್ತೆ ಅವಳ ಮೈಗೆ ಹರಿಸಲಾಯಿತು. ಇದೇ ಕಾರ್-ಟಿ ಚಿಕಿತ್ಸೆ. ಕಣಗಳು ಕಾದಾಟಕ್ಕಿಳಿದಾಗ ಜ್ವರ ಮಿತಿಮೀರಿ ಮಗು ಸಾವಿನ ಅಂಚಿಗೆ ಹೋಯಿತು. ರಕ್ತ ಪರೀಕ್ಷೆಯಲ್ಲಿ ಐಎಲ್-6 ಎಂಬ ಅಂಶ ವಿಪರೀತ ಏರಿದ್ದು ಕಂಡಿತು. ಅದನ್ನು ತಡೆಯುವ ಸಂಧಿವಾತದ ಔಷಧಿಯೊಂದಿದೆ, ಟೋಸಿಲಿಜುಮ್ಯಾಬ್. ಜೂನ್ ಅವರ ಮಗಳಿಗೆ ಸಂಧಿವಾತವಿದ್ದುದರಿಂದ ಅವರಿಗೆ ಅದು ಗೊತ್ತಿತ್ತು. ಕೊಟ್ಟರು. ಎಮಿಲಿ ಬದುಕಿದಳು. ಇಂದು ಯುವತಿ, ಕ್ಯಾನ್ಸರ್ ಮುಕ್ತೆ.

ಈ ಚಿಕಿತ್ಸೆಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಾಗ ಬೆಲೆ 4,75,000 ಡಾಲರ್. ಗಾಜಿನ ಕಟ್ಟಡಗಳನ್ನು ಬೆರಗಿನಿಂದ ನೋಡುತ್ತಿದ್ದಾಗಲೂ ಈ ಅಂಕಿ ನನ್ನನ್ನು ಚುಚ್ಚುತ್ತಲೇ ಇತ್ತು. ನಮ್ಮಲ್ಲಿ ದಾರಿ ತೆರೆದಿದೆ: ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಜೊತೆಯಾಗಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಅನುಮತಿ ದೊರೆಯಿತು, ಬೆಲೆ ವಿದೇಶದ ಹತ್ತರಲ್ಲೊಂದು ಪಾಲು. ಬೆಂಗಳೂರಿನ ಇಮ್ಯುನೀಲ್ ಕಂಪನಿ ಕೂಡ ಕಾರ್-ಟಿ ತಯಾರಿಸುತ್ತಿದೆ. ಆದರೂ ಲಕ್ಷಗಳ ಲೆಕ್ಕವೇ. ಇಮಾಟಿನಿಬ್ ಇಲ್ಲಿ ಬಡವರಿಗೂ ಎಟುಕಿದ್ದು ನಮ್ಮ ಕಂಪನಿಗಳು ಅದನ್ನು ಅಗ್ಗವಾಗಿ ತಯಾರಿಸಿದ್ದರಿಂದ. 2013ರಲ್ಲಿ ಸುಪ್ರೀಂ ಕೋರ್ಟ್ ಮೂಲ ತಯಾರಕ ಕಂಪನಿ ನೊವಾರ್ಟಿಸ್‌ಗೆ ಪೇಟೆಂಟ್ ನಿರಾಕರಿಸಿ ಆ ದಾರಿಯನ್ನು ಉಳಿಸಿತು. ಕಾರ್-ಟಿಯೂ ಹಾಗೆ ಬಡವರಿಗೆ ಎಟುಕಬೇಕಾದರೆ ಅದರ ಖರ್ಚನ್ನು ಸರ್ಕಾರಿ ಆರೋಗ್ಯ ಯೋಜನೆಗಳು ಪೂರ್ತಿಯಾಗಿ ಹೊರಬೇಕು.