ನೋವು ಹೋದ ಮೇಲಿನ ಕೆಲಸ

2023ರ ಮೇ 1, ಲಖನೌ. ಆರ್‌ಸಿಬಿ ವಿರುದ್ಧದ ಐಪಿಎಲ್ ಪಂದ್ಯದಲ್ಲಿ ಬೌಂಡರಿಯತ್ತ ಹೊರಟ ಚೆಂಡನ್ನು ಅಟ್ಟಿಸಿಕೊಂಡು ಓಡಿದ ಕ್ರಿಕೆಟಿಗ ಕೆ.ಎಲ್. ರಾಹುಲ್ ತೊಡೆ ಹಿಡಿದುಕೊಂಡು ಕುಸಿದರು. ಶಸ್ತ್ರಚಿಕಿತ್ಸೆಯೇ ಆಗಬೇಕಾಯಿತು. ವಿಶ್ವಕಪ್‌ಗೆ ಉಳಿದಿದ್ದು ಐದೇ ತಿಂಗಳು.

ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ನಡೆಯಿತು. ಏಷ್ಯಾ ಕಪ್ ತಂಡದಲ್ಲಿ ಹೆಸರೂ ಬಂತು. ಅಷ್ಟರಲ್ಲಿ ಬೇರೊಂದು ಸಣ್ಣ ನೋವು ಕಾಣಿಸಿಕೊಂಡಿತು; ಮೊದಲ ಎರಡು ಪಂದ್ಯ ಅವರನ್ನು ಆಡಿಸಲಿಲ್ಲ. ಇಡೀ ಕಥೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಈ ತಡೆದು ನಿಂತ ದಿನಗಳೇ. ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ಎದುರು 106 ಎಸೆತಗಳಲ್ಲಿ ಅಜೇಯ 111. ಕೊಹ್ಲಿ ಜೊತೆ ಮುರಿಯದ 233 ರನ್‌ಗಳ ಜೊತೆಯಾಟ. ಆಮೇಲೆ 32 ಓವರ್ ವಿಕೆಟ್ ಕೀಪಿಂಗ್. ಶತಕಕ್ಕಿಂತ ದೊಡ್ಡ ಪರೀಕ್ಷೆ ಅದು: ಪ್ರತಿ ಎಸೆತಕ್ಕೂ ಕುಕ್ಕರಗಾಲಿನಲ್ಲಿ ಕೂತು ಏಳುವಾಗ ಭಾರವೆಲ್ಲ ತೊಡೆಯ ಮೇಲೇ.

ಭಾನುವಾರ ಬ್ಯಾಡ್ಮಿಂಟನ್ ಆಡುವವರು, ಊರ ಕಬಡ್ಡಿ ಹುಡುಗರು ಎಡವುವುದು ಹೀಗೆ ತಡೆದು ನಿಲ್ಲುವುದರಲ್ಲೇ. ನೋವು ನಿಂತ ದಿನವೇ ಅಂಗಳಕ್ಕೆ ಇಳಿದುಬಿಡುತ್ತಾರೆ. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುವಿಗೆ ರಕ್ತಸಂಚಾರ ಕಡಿಮೆ. ಅದು ಕೂಡಿಕೊಳ್ಳುವುದು ನಿಧಾನ. ಹಾಗೆಂದು ತಿಂಗಳುಗಟ್ಟಲೆ ಮಲಗಿದರೆ ಕಾಲು ಸೊರಗುತ್ತದೆ. ಭಾರವನ್ನು ಸ್ವಲ್ಪ ಸ್ವಲ್ಪವೇ ಹೊರಿಸುತ್ತಾ ಹೋದರೆ ಮಾತ್ರ ಸ್ನಾಯುರಜ್ಜು ಗಟ್ಟಿಯಾಗುತ್ತದೆ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆ ಆದವರಂತೂ ಸುಮಾರು 9 ತಿಂಗಳು ಕಾಯುವುದು ಒಳ್ಳೆಯದು. ಅವಸರಪಟ್ಟವರಿಗೆ ಮತ್ತೆ ಗಾಯವಾಗುವ ಸಾಧ್ಯತೆ ಹೆಚ್ಚು.

ಸಿದ್ಧರಾಗಿದ್ದೇವೋ ಇಲ್ಲವೋ ಎಂದು ನೋಡಲು ಫಿಸಿಯೋಗಳು ಮಾಡಿಸುವ ಸರಳ ಪರೀಕ್ಷೆಯೊಂದಿದೆ. ನೆಲದ ಮೇಲೆ ಅಳತೆ ಟೇಪು ಹಾಸಿ, ಒಂಟಿ ಕಾಲಲ್ಲಿ ನಿಂತು, ಮುಂದಕ್ಕೆ ಕುಪ್ಪಳಿಸಿ ಅದೇ ಕಾಲಿನ ಮೇಲೆ ಅಲ್ಲಾಡದೆ ನಿಲ್ಲಬೇಕು. ಗಾಯಗೊಂಡ ಕಾಲು ಇನ್ನೊಂದರ ಶೇ 90ರಷ್ಟಾದರೂ ದೂರ ಹಾರಬೇಕು. ಟೇಪಿನ ಅಂಕಿಗಿಂತ ದೇಹ ಹೆಚ್ಚು ಹೇಳುತ್ತದೆ. ಹಾರುವ ಮುನ್ನ ಉಸಿರು ಬಿಗಿಹಿಡಿದರೆ, ಮೊಣಕಾಲು ಒಳಕ್ಕೆ ವಾಲಿದರೆ, ಆ ಕಾಲಿನ ಮೇಲೆ ನಂಬಿಕೆ ಇನ್ನೂ ಬಂದಿಲ್ಲ. ಆ ಭಯಕ್ಕೆ ಬೈಗುಳ ಮದ್ದಲ್ಲ. ಚಿಕ್ಕ ಹಾರಿಕೆಗಳನ್ನೇ ಮತ್ತೆ ಮತ್ತೆ ಮಾಡಿಸಬೇಕು.

ವ್ಯಾಯಾಮದ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಹೇಗಿದೆ ಎಂದು ಗಮನಿಸಿ. ನೋವು ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಅಂದು ಭಾರ ಇಳಿಸಿ. ಊತ ಬಂದಿದ್ದರೆ ಫಿಸಿಯೋಗೆ ತೋರಿಸಿ.