ಎದೆಬಡಿತ ನಿಲ್ಲಲೆಂದು ಕಾದ ಆಸ್ಪತ್ರೆ

2012ರ ಅಕ್ಟೋಬರ್ 21, ಭಾನುವಾರ. ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಬೆನ್ನುನೋವೆಂದು ಬಂದ ಸವಿತಾ ಹಾಲಪ್ಪನವರ ಅವರಿಗೆ ಆಗ 31 ವರ್ಷ. ಚೊಚ್ಚಲ ಬಸಿರಿಗೆ 17 ವಾರ. ಬೆಳಗಾವಿಯ ಯಾಳಗಿ ಮನೆತನದ ಮಗಳು, ದಂತವೈದ್ಯೆ. ಮಗಳ ಮನೆ ನೋಡಲೆಂದು ಹೆತ್ತವರು ಅಲ್ಲಿಗೇ ಬಂದಿದ್ದ ದಿನಗಳವು. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರು ಅಂದೇ ತಿಳಿಸಿದರು. ಆ ರಾತ್ರಿ ಕಳೆಯುವುದರೊಳಗೆ ನೀರೂ ಒಡೆದುಹೋಯಿತು.

ಉಳಿಯದ ಮಗು ಎಂದು ಗೊತ್ತಾದ ಮೇಲೆ ಗರ್ಭ ತೆಗೆದುಬಿಡಿ ಎಂದು ಸವಿತಾ ಮತ್ತು ಪತಿ ಪ್ರವೀಣ್ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಕೇಳಿಸುತ್ತಿತ್ತು. ಅದು ಇರುವವರೆಗೆ, ತಾಯಿಯ ಜೀವಕ್ಕೆ ಅಪಾಯವಿದೆ ಎಂದು ಖಚಿತವಾಗುವವರೆಗೆ, ಐರ್ಲೆಂಡಿನ ಕಾನೂನಿನಡಿ ಕೈಹಚ್ಚುವಂತಿಲ್ಲ ಎಂಬುದು ಅವರಿಗೆ ಸಿಕ್ಕ ಉತ್ತರ. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ತಾನು ಆಡಿದ್ದು ನಿಜವೆಂದು ಅಲ್ಲಿನ ಒಬ್ಬ ಸೂಲಗಿತ್ತಿ ಮುಂದೆ ಸಾವಿನ ವಿಚಾರಣೆಯಲ್ಲಿ ಒಪ್ಪಿಕೊಂಡು ವಿಷಾದಿಸಿದರು. ಸವಿತಾ ಆ ಧರ್ಮದವರೂ ಅಲ್ಲ, ಆ ದೇಶದಲ್ಲಿ ಹುಟ್ಟಿದವರೂ ಅಲ್ಲ. ಆದರೆ ಆ ಆಸ್ಪತ್ರೆಯ ಹಾಸಿಗೆಯ ಮೇಲಿದ್ದಷ್ಟು ದಿನವೂ ಅವರ ಮೈ ಆ ದೇಶದ ಸಂವಿಧಾನಕ್ಕೆ ಒಳಪಟ್ಟಿತ್ತು.

ನೀರು ಒಡೆದ ಗರ್ಭಕೋಶ ಸೋಂಕಿಗೆ ತೆರೆದ ಬಾಗಿಲು. ಒಳಗೆ ಹೊಕ್ಕ ಇ-ಕೋಲಿ ಬ್ಯಾಕ್ಟೀರಿಯಾ ಅನೇಕ ಔಷಧಗಳಿಗೆ ಬಗ್ಗದ ಜಾತಿಯದಾಗಿತ್ತು. ಬುಧವಾರ ಬೆಳಗಾಗುವಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಅಂದು ಮಧ್ಯಾಹ್ನ ಭ್ರೂಣ ಸತ್ತು ಹೊರಬಂತು. ಸವಿತಾ ತೀವ್ರ ನಿಗಾ ಘಟಕ ಸೇರಿದರು. ಅಕ್ಟೋಬರ್ 28ರಂದು ತೀರಿಕೊಂಡರು.

ಇದನ್ನು ಕೇವಲ ಆಸ್ಪತ್ರೆಯ ಅಲಕ್ಷ್ಯದ ಕತೆ ಎಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಲಕ್ಷ್ಯ ನಡೆದದ್ದು ಸುಳ್ಳಲ್ಲ. ಮೊದಲ ದಿನದ ರಕ್ತಪರೀಕ್ಷೆಯಲ್ಲೇ ಬಿಳಿರಕ್ತಕಣ ಏರಿದ್ದನ್ನು ಯಾರೂ ಬೆನ್ನುಹತ್ತಲಿಲ್ಲ. ನಾಡಿ, ಜ್ವರ, ರಕ್ತದೊತ್ತಡವನ್ನು ನೋಡಬೇಕಾದಷ್ಟು ಸಲ ನೋಡಲಿಲ್ಲ. ಆಸ್ಪತ್ರೆ ಕೈಚೆಲ್ಲಿದ 13 ಅವಕಾಶಗಳನ್ನು ಐರ್ಲೆಂಡಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ 2013ರ ವರದಿಯಲ್ಲಿ ಗುರುತಿಸಿತು. ಆದರೆ ಅದೇ ವರ್ಷ ಏಪ್ರಿಲ್‌ನಲ್ಲಿ ನಡೆದ ವಿಚಾರಣೆಯಲ್ಲಿ ಹಿರಿಯ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಸಾಕ್ಷ್ಯ ನುಡಿದದ್ದನ್ನೂ ಕೇಳಬೇಕು. ಸೋಮವಾರ ಅಥವಾ ಮಂಗಳವಾರ ಗರ್ಭ ತೆಗೆದಿದ್ದರೆ ಸವಿತಾ ಬದುಕಿರುವ ಸಾಧ್ಯತೆಯೇ ಹೆಚ್ಚು ಎಂದರು ಅವರು. ಆ ಎರಡು ದಿನ ಸಾವಿನ ಭಯವಿರಲಿಲ್ಲವಾದ್ದರಿಂದ ಕಾನೂನು ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ, ಭಯ ಹುಟ್ಟಿದ ಮೇಲೆ ಹೊತ್ತು ಮೀರಿತ್ತು ಎಂದೂ ಹೇಳಿದರು. ಸಾಯುವಷ್ಟು ಕಾಯಿಲೆಯಾದರೆ ಮಾತ್ರ ಚಿಕಿತ್ಸೆ ಎನ್ನುವ ಕಾನೂನು ವೈದ್ಯರಿಗೆ ಕಲಿಸುವುದು ಕಾಯುವುದನ್ನೇ. ನಂಜಿಗೆ ಆ ತಾಳ್ಮೆ ಇಲ್ಲ. ಸಣ್ಣ ಜ್ವರದಿಂದ ಅಂಗಾಂಗ ಕೈಕೊಡುವವರೆಗಿನ ದಾರಿಯನ್ನು ಅದು ಕೆಲವೇ ಗಂಟೆಗಳಲ್ಲಿ ಸವೆಸಬಲ್ಲದು.

ಆ ಕಾನೂನು ಎಲ್ಲಿಂದ ಬಂತು? 1861ರ ಬ್ರಿಟಿಷ್ ಕಾಯ್ದೆಯೊಂದು ಗರ್ಭ ಇಳಿಸಿಕೊಳ್ಳುವುದನ್ನು ಜೀವಾವಧಿ ಶಿಕ್ಷೆಯ ಅಪರಾಧವಾಗಿಸಿತ್ತು. ಸ್ವತಂತ್ರ ಐರ್ಲೆಂಡ್ ಅದನ್ನು ಹಾಗೆಯೇ ಇಟ್ಟುಕೊಂಡಿತು. ಅದೂ ಸಾಲದೆಂದು 1983ರ ಸೆಪ್ಟೆಂಬರ್‌ನಲ್ಲಿ ಜನಮತಗಣನೆ ನಡೆಸಿ, ಹುಟ್ಟದ ಜೀವಕ್ಕೂ ತಾಯಿಯ ಜೀವಕ್ಕೂ ಸಮಾನ ಹಕ್ಕು ಎಂದು ಸಂವಿಧಾನದಲ್ಲೇ ಬರೆಸಿತು. ಇದೇ ಎಂಟನೇ ತಿದ್ದುಪಡಿ. ನೂರಕ್ಕೆ 66.9ರಷ್ಟು ಮತ ಅದರ ಪರ. ಓದಲು ನ್ಯಾಯವಾಗಿ ಕಾಣುವ ವಾಕ್ಯವದು. ಎರಡೂ ಜೀವಗಳನ್ನು ಉಳಿಸಲಾಗದ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. 1992ರಲ್ಲಿ ಅತ್ಯಾಚಾರಕ್ಕೊಳಗಾಗಿ ಬಸಿರಾದ 14ರ ಬಾಲೆ ಇಂಗ್ಲೆಂಡಿಗೆ ಹೋಗದಂತೆ ಸರ್ಕಾರ ನ್ಯಾಯಾಲಯದಿಂದ ತಡೆ ತಂದಿತು. ಆತ್ಮಹತ್ಯೆಯ ಭಯವೂ ಜೀವದ ಅಪಾಯವೇ ಎಂದು ಹೇಳಿ ಸುಪ್ರೀಂ ಕೋರ್ಟ್ ಆ ತಡೆ ತೆಗೆಯಿತು. ಆ ತೀರ್ಪನ್ನು ಕಾಯ್ದೆಯಾಗಿಸಲು ಐರಿಶ್ ಸಂಸತ್ತು 21 ವರ್ಷ ತೆಗೆದುಕೊಂಡಿತು. ಸವಿತಾ ಸತ್ತದ್ದು ಆ 21 ವರ್ಷಗಳ ಕೊನೆಯಲ್ಲಿ.

ಈ ನಡುವೆ ಗರ್ಭಪಾತವೇನೂ ನಿಂತಿರಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನ ಆಸ್ಪತ್ರೆಗಳಲ್ಲಿ ಐರ್ಲೆಂಡಿನ ವಿಳಾಸ ಬರೆಸಿ ಗರ್ಭ ತೆಗೆಸಿಕೊಂಡವರು 2016ರೊಂದರಲ್ಲೇ 3,265 ಮಂದಿ. ವಿಮಾನದ ಟಿಕೆಟ್ಟಿಗೆ ಹಣವಿದ್ದವರಿಗೆ, ವೀಸಾ ಬೇಕಿಲ್ಲದವರಿಗೆ, ಒಂದೆರಡು ದಿನ ಮನೆಯಿಂದ ತಪ್ಪಿಸಿಕೊಳ್ಳಬಲ್ಲವರಿಗೆ ಸಮುದ್ರದಾಚೆ ದಾರಿಯಿತ್ತು. ಬಡವರಿಗೆ, ವಲಸಿಗರಿಗೆ, ಆಸ್ಪತ್ರೆಯ ಹಾಸಿಗೆ ಹಿಡಿದವರಿಗೆ ಇರಲಿಲ್ಲ. ಎಲ್ಲಾದರೂ ಸರಿ, ನಿಷೇಧ ಬಿಗಿಯಾಗುವುದು ಇಂಥವರ ಕೊರಳಿಗೇ.

ನವೆಂಬರ್ 14ರಂದು ಐರಿಶ್ ಟೈಮ್ಸ್ ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಜನ ಮೋಂಬತ್ತಿ ಹಿಡಿದು ಬೀದಿಗೆ ಬಂದರು. 2013ರಲ್ಲಿ ಒಂದು ಕಾಯ್ದೆಯೂ ಬಂತು. ಆದರೆ ಜೀವಕ್ಕೆ ಅಪಾಯವಿದ್ದರೆ ಮಾತ್ರ ಎಂಬ ಹಳೆಯ ಗೆರೆ ಅದರಲ್ಲೂ ಇತ್ತು, ಅದನ್ನು ದಾಟಿದರೆ 14 ವರ್ಷದವರೆಗೆ ಸೆರೆ. 99 ಸಾಮಾನ್ಯ ನಾಗರಿಕರನ್ನು ಚೀಟಿ ಎತ್ತಿದಂತೆ ಆರಿಸಿ ಕೂರಿಸಿದ ನಾಗರಿಕ ಸಭೆಯೊಂದು ವೈದ್ಯರನ್ನು, ವಕೀಲರನ್ನು, ಎರಡೂ ಬಣದವರನ್ನು ತಿಂಗಳುಗಟ್ಟಲೆ ಕೇಳಿ, ಕಾನೂನು ಬದಲಾಗಬೇಕೆಂದು 2017ರಲ್ಲಿ ಶಿಫಾರಸು ಮಾಡಿತು. 2018ರ ಮೇ 25ರ ಜನಮತಕ್ಕೆ ಮುನ್ನ ಸವಿತಾ ಅವರ ತಂದೆ ಅಂದಾನಪ್ಪ ಯಾಳಗಿ ಬೆಳಗಾವಿಯಿಂದಲೇ ಐರ್ಲೆಂಡಿನ ಮತದಾರರಿಗೆ ಮನವಿ ಮಾಡಿದರು: ನನ್ನ ಮಗಳನ್ನು ನೆನೆದು ಮತ ಹಾಕಿ, ನಮಗಾದದ್ದು ಇನ್ನೊಂದು ಮನೆಗೆ ಆಗದಿರಲಿ. ಡಬ್ಲಿನ್‌ನ ಒಂದು ಗೋಡೆಯ ಮೇಲೆ ಬರೆದ ಸವಿತಾ ಚಿತ್ರದ ಸುತ್ತ ಜನ ಕ್ಷಮೆ ಕೇಳುವ ಚೀಟಿಗಳನ್ನು ಅಂಟಿಸುತ್ತ ಹೋದರು. ಹೊರದೇಶಗಳಲ್ಲಿದ್ದ ಐರಿಶ್ ಯುವಜನರು ಮತ ಹಾಕಲೆಂದೇ ವಿಮಾನ ಹತ್ತಿ ಬಂದರು. ತಿದ್ದುಪಡಿ ಬಿದ್ದುಹೋಯಿತು, ನೂರಕ್ಕೆ 66.4 ಮತಗಳಿಂದ. 35 ವರ್ಷಗಳ ಹಿಂದೆ ಅದನ್ನು ತಂದಷ್ಟೇ ಬಹುಮತ ಅದನ್ನು ಕಿತ್ತೊಗೆಯಿತು. ಡೊನೆಗಾಲ್ ಎಂಬ ಒಂದೇ ಕ್ಷೇತ್ರ ಬೇಡವೆಂದಿತು.

ಸವಿತಾ ಭಾರತದಲ್ಲಿದ್ದಿದ್ದರೆ ಬದುಕುತ್ತಿದ್ದರು ಎಂದು ಆಗ ನಮ್ಮಲ್ಲಿ ಹಲವರು ಹೇಳಿದರು. ಕಾನೂನಿನ ಮಟ್ಟಿಗೆ ಆ ಮಾತು ನಿಜ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಇಂಥ ಸ್ಥಿತಿಗೆ ಅಂದಿನಿಂದಲೂ ಅವಕಾಶ ಕೊಟ್ಟಿದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರ ಸಂತ್ರಸ್ತೆಯರು, ಅಪ್ರಾಪ್ತೆಯರು, ಬಸಿರಿದ್ದಾಗ ವಿಧವೆಯಾದವರು ಮುಂತಾದವರಿಗೆ ಇಬ್ಬರು ವೈದ್ಯರ ಒಪ್ಪಿಗೆಯಿದ್ದರೆ 24 ವಾರದವರೆಗೂ ಅವಕಾಶವಿದೆ. ಮದುವೆಯಾಗದವರನ್ನು ಇದರಿಂದ ಹೊರಗಿಡುವಂತಿಲ್ಲ ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ಕೊಡಗಿನ ಎ.ಎಸ್. ಬೋಪಣ್ಣ ಆ ಪೀಠದಲ್ಲಿದ್ದರು. ಗಂಡನ ಬಲಾತ್ಕಾರದಿಂದಾದ ಬಸಿರನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರವೆಂದೇ ಎಣಿಸಬೇಕೆಂದಿತು ಆ ಪೀಠ.

ಇಷ್ಟೆಲ್ಲ ಇದ್ದೂ ನನಗೆ ನೆಮ್ಮದಿಯಿಲ್ಲ. ನಮ್ಮ ಕಾಯ್ದೆಯನ್ನು ನಿಧಾನವಾಗಿ ಓದಿ ನೋಡಿ. ಗರ್ಭ ಮುಂದುವರಿಸುವುದು ಬಿಡುವುದು ಹೆಣ್ಣಿನ ಹಕ್ಕು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಇಂತಿಂಥ ಸಂದರ್ಭದಲ್ಲಿ ಗರ್ಭ ತೆಗೆದ ವೈದ್ಯರು ಅಪರಾಧಿಯಲ್ಲ ಎಂದಷ್ಟೇ ಹೇಳುತ್ತದೆ. ಮೊದಲ ವಾರದಲ್ಲಿ ಕೂಡ ಅವಳ ಮನಸ್ಸು ಕಾರಣವಾಗದು. ಅವಳ ಆರೋಗ್ಯಕ್ಕೆ ಹಾನಿಯೆಂದೋ, ಗರ್ಭನಿರೋಧಕ ಕೈಕೊಟ್ಟಿತೆಂದೋ ವೈದ್ಯರು ಬರೆಯಬೇಕು. 2019ರ ಜನವರಿಯಿಂದ ಐರ್ಲೆಂಡಿನ ಹೆಣ್ಣುಮಗಳು 12 ವಾರದೊಳಗೆ ಯಾವ ಕಾರಣವನ್ನೂ ಕೊಡಬೇಕಾಗಿಲ್ಲ. ಕೇಳಿದರೆ ಸಾಕು, ಮೂರು ದಿನ ಕಾಯಬೇಕಷ್ಟೆ. ನಾವು ಎಷ್ಟೋ ಮುಂದಿದ್ದೆವು ಎಂದುಕೊಂಡ ದೇಶ ಈ ಒಂದು ವಿಷಯದಲ್ಲಿ ನಮ್ಮನ್ನು ದಾಟಿಹೋಗಿದೆ.

ಒಪ್ಪಿಗೆಯನ್ನು ಬೇರೆಯವರ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಪಟ್ನಾದ ಪ್ರಕರಣವಿದೆ. 2017ರಲ್ಲಿ ನಿರಾಶ್ರಿತರ ಕೇಂದ್ರದಲ್ಲಿದ್ದ, ಅತ್ಯಾಚಾರದಿಂದ ಬಸಿರಾದ, ಎಚ್‌ಐವಿ ಸೋಂಕಿದ್ದ ಹೆಣ್ಣುಮಗಳೊಬ್ಬಳು ಗರ್ಭ ಬೇಡವೆಂದು ಸರ್ಕಾರಿ ಆಸ್ಪತ್ರೆಗೆ ಹೋದಳು. ಅವಳಿಗೂ ಆಗ 17 ವಾರ. ವಯಸ್ಕಳಾದ ಅವಳ ಒಪ್ಪಿಗೆಯೊಂದೇ ಸಾಕೆಂದು ಕಾಯ್ದೆ ಸ್ಪಷ್ಟವಾಗಿ ಹೇಳಿದ್ದರೂ ಆಸ್ಪತ್ರೆ ತಂದೆಯ ಸಹಿ ಕೇಳಿತು. ಹೈಕೋರ್ಟ್ ದಾಟಿ ವಿಷಯ ಸುಪ್ರೀಂ ಕೋರ್ಟ್ ಮುಟ್ಟುವಷ್ಟರಲ್ಲಿ ಗರ್ಭ ತೆಗೆಯುವುದೇ ಜೀವಕ್ಕೆ ಅಪಾಯವೆಂಬ ಹಂತ ಬಂದಿತ್ತು. ಕೋರ್ಟ್ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಮ್ಮ ಊರುಗಳಲ್ಲೂ ಗಂಡನ ಸಹಿ ತನ್ನಿ, ಅತ್ತೆಯನ್ನು ಕರೆತನ್ನಿ ಎನ್ನುವುದು ಇಂದಿಗೂ ಮಾಮೂಲು. ಕಾಯ್ದೆ ತಿಳಿಯದ ಹೆಣ್ಣುಮಕ್ಕಳು ಮಾತ್ರೆ ಅಂಗಡಿಗೆ ಹೋಗುತ್ತಾರೆ, ಅದೂ ಸಿಗದಿದ್ದರೆ ನಾಟಿ ಮದ್ದಿಗೆ.

ಹೆಣ್ಣುಭ್ರೂಣ ಹತ್ಯೆಯ ನಾಡಿನಲ್ಲಿ ಇಷ್ಟು ಸಡಿಲ ಬಿಡುವುದು ಸರಿಯೇ ಎಂದು ಕೇಳುವವರಿದ್ದಾರೆ. ನಾನು ಗೌರವಿಸುವ ಆತಂಕವಿದು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಲಿಂಗ ಪತ್ತೆ ನಡೆಸುತ್ತಿದ್ದ ಜಾಲ 2023ರಲ್ಲಿ ಬಯಲಾದಾಗ ರಾಜ್ಯವೇ ತಲ್ಲಣಿಸಿತು. ಆದರೆ ಅಲ್ಲಿ ಆ ಹೆಂಗಸರು ಹೋದದ್ದು ತಮ್ಮ ಮೈಯ ಮೇಲೆ ಅಧಿಕಾರವಿದ್ದುದಕ್ಕೋ, ಇಲ್ಲದ್ದಕ್ಕೋ? ಗಂಡುಮಗು ಹೆರಲೇಬೇಕೆಂಬ ಒತ್ತಾಯವೂ, ಬೇಡದ ಬಸಿರನ್ನು ಹೊರಲೇಬೇಕೆಂಬ ಒತ್ತಾಯವೂ ಅವಳ ಗರ್ಭ ಮನೆತನದ ಸೊತ್ತೆಂಬ ಒಂದೇ ನಂಬಿಕೆಯಿಂದ ಬಂದವು. ಲಿಂಗ ಪತ್ತೆಯನ್ನು ತಡೆಯಲು 1994ರ ಪ್ರತ್ಯೇಕ ಕಾಯ್ದೆಯಿದೆ; ಅದನ್ನು ಯಂತ್ರಗಳ ಮೇಲೆ, ಅವುಗಳನ್ನು ನಡೆಸುವವರ ಮೇಲೆ ಬಿಗಿಯಾಗಿ ಹೂಡಲಿ. ಆ ಭಯದಲ್ಲಿ ಪ್ರಾಮಾಣಿಕ ವೈದ್ಯರು ಮೂರು ತಿಂಗಳು ದಾಟಿದ ಯಾವ ಗರ್ಭವನ್ನೂ ಮುಟ್ಟಲು ಹೆದರುವಂತಾದರೆ ಬೆಲೆ ತೆರುವವಳು ಬಡವಿ.

2023ರ ಅಕ್ಟೋಬರ್‌ನಲ್ಲಿ ಇನ್ನೊಂದು ಪ್ರಕರಣ ಬಂತು. ಎರಡು ಮಕ್ಕಳ ತಾಯಿ, ಹೆರಿಗೆಯ ನಂತರದ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರು, ಮತ್ತೆ ಬಸಿರಾದದ್ದು ತಡವಾಗಿ ತಿಳಿದು 26 ವಾರದ ಹೊತ್ತಿಗೆ ಸುಪ್ರೀಂ ಕೋರ್ಟಿಗೆ ಹೋದರು. ಅನುಮತಿ ಸಿಕ್ಕಿತು, ಎದೆಬಡಿತದ ಪ್ರಶ್ನೆ ಎದ್ದಿತು, ಪೀಠ ಎರಡಾಯಿತು, ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮಾತ್ರ ಆ ತಾಯಿಯ ನಿರ್ಧಾರಕ್ಕೇ ಬೆಲೆ ಕೊಡಬೇಕೆಂಬ ನಿಲುವಿನಿಂದ ಕದಲಲಿಲ್ಲ. 26 ವಾರದ ಗರ್ಭದ ಬಗ್ಗೆ ಒಳ್ಳೆಯ ಮನಸ್ಸಿನವರಲ್ಲೂ ಭಿನ್ನಾಭಿಪ್ರಾಯ ಇರುತ್ತದೆ, ಇರಲಿ. ಆದರೆ 8 ವಾರದ, 10 ವಾರದ ಗರ್ಭಕ್ಕೂ ಅವಳು ಇನ್ನೊಬ್ಬರ ಅಭಿಪ್ರಾಯಕ್ಕೆ ಕೈಯೊಡ್ಡಬೇಕೆನ್ನುವುದಕ್ಕೆ ನನಗೆ ಸಮರ್ಥನೆ ಕಾಣುವುದಿಲ್ಲ.

ಇದಕ್ಕೆಲ್ಲ ಮೂಲ ಬ್ರಿಟಿಷರು 1860ರಲ್ಲಿ ಬರೆದ ದಂಡ ಸಂಹಿತೆಯ 312ನೇ ಕಲಮು. ತಾನಾಗಿ ಗರ್ಭ ಇಳಿಸಿಕೊಂಡ ಹೆಣ್ಣನ್ನೂ ಅದು ಅಪರಾಧಿಯ ಸಾಲಿಗೆ ಸೇರಿಸುತ್ತಿತ್ತು. ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ತಂದಾಗ ಇದನ್ನು ಕೈಬಿಡಬಹುದಿತ್ತು. ಬಿಡಲಿಲ್ಲ. 2024ರ ಜುಲೈ 1ರಿಂದ ಅದು 88ನೇ ಕಲಮೆಂಬ ಹೆಸರಿನಲ್ಲಿ ಜಾರಿಯಲ್ಲಿದೆ. ಸಂಸತ್ತು ಮೊದಲು ತೆಗೆಯಬೇಕಾದದ್ದು ಅದನ್ನೇ.